ಎಳೆಯುವ ಬಂಡಿಗೆ ಯಾವ ಎಣ್ಣೆ?

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತ ಕೋಡು ನೋಡುತ್ತಾನೆ, ಸುಳಿ ನೋಡುತ್ತಾನೆ, ಹಲ್ಲು ಹಿಡಿದು ವಯಸ್ಸು ಎಣಿಸುತ್ತಾನೆ. ಆದರೆ ಮನೆ ಬಿಡುವ ಮೊದಲೇ ಅವನು ಇತ್ಯರ್ಥ ಮಾಡಿಕೊಂಡಿರುವ ಸಂಗತಿ ಒಂದುಂಟು: ಈ ಎತ್ತು ಗಾಡಿಗೋ, ಉಳುಮೆಗೋ, ಕಪಿಲೆಗೋ? ಅಮೆರಿಕದಲ್ಲಿ ಪಿಕಪ್ ಟ್ರಕ್ಕು ಕೊಳ್ಳಹೊರಟವನ ಮುಂದಿರುವ ಪ್ರಶ್ನೆಯೂ ಇದೇ ಬಗೆಯದು. ಆ ದೇಶದ ರೈತರು, ಸಣ್ಣ ಗುತ್ತಿಗೆದಾರರು, ರಜೆಯಲ್ಲಿ ಊರು ಸುತ್ತುವ ಸಂಸಾರಿಗರು, ಇವರೆಲ್ಲ ಪಿಕಪ್ಪಿನ ಬೆನ್ನಿಗೆ ಟ್ರೇಲರ್ ಕಟ್ಟಿಕೊಂಡು ಕುದುರೆಯನ್ನೋ, ದೋಣಿಯನ್ನೋ, ಹುಲ್ಲಿನ ಹೊರೆಯನ್ನೋ, ಕೆಲವೊಮ್ಮೆ ವಾಸದ ಮನೆಯನ್ನೋ ಎಳೆದೊಯ್ಯುತ್ತಾರೆ. ಈ ಕೆಲಸಕ್ಕೆ ಡೀಸೆಲ್ ಎಂಜಿನು ಮೇಲೋ, ಅವರು ಗ್ಯಾಸೊಲಿನ್ ಎನ್ನುವ, ನಾವು ಪೆಟ್ರೋಲು ಎನ್ನುವ ಎಣ್ಣೆಯ ಎಂಜಿನು ಮೇಲೋ ಎಂಬ ವಾದ ಅಲ್ಲಿ ಇನ್ನೂ ಮುಗಿದಿಲ್ಲ. ಮುಗಿಯದಿರುವುದಕ್ಕೆ ವಾದಿಗಳ ಹಟ ಕಾರಣವಲ್ಲ. ಕಾಲ ಬದಲಾದಂತೆಲ್ಲ ಉತ್ತರವೂ ಬದಲಾದದ್ದೇ ಕಾರಣವೆಂದು ನನಗೆ ತೋರುತ್ತದೆ.

ಎರಡು ಎಂಜಿನುಗಳೂ ಜರ್ಮನಿಯ ಕೂಸುಗಳು. ನಿಕೊಲಾಸ್ ಆಟೊ 1876ರಲ್ಲಿ ರೂಪಿಸಿದ ನಾಲ್ಕು ಹೊಡೆತದ ಎಂಜಿನಿನ ವಂಶದಲ್ಲಿ ಪೆಟ್ರೋಲು ಎಂಜಿನು ಹುಟ್ಟಿತು. ಅದರಲ್ಲಿ ಗಾಳಿಯೂ ಎಣ್ಣೆಯ ಆವಿಯೂ ಬೆರೆತು, ಕಿಡಿ ತಗುಲಿ ಉರಿಯುತ್ತವೆ. ರುಡೋಲ್ಫ್ ಡೀಸೆಲನ ಎಂಜಿನಿನಲ್ಲಿ ಕಿಡಿಯೇ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಬಲ್ಲವರಿಗೆ ಅದರ ಗುಟ್ಟು ಹೊಸದಲ್ಲ: ಗಾಳಿಯನ್ನು ಹದಿನೈದು ಇಪ್ಪತ್ತು ಪಟ್ಟು ಕುಗ್ಗಿಸಿ ಒತ್ತಿದರೆ ಅದು ಎಷ್ಟು ಕಾಯುತ್ತದೆಂದರೆ, ಮೇಲೆ ಚಿಮುಕಿಸಿದ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ಈ ಯಂತ್ರವನ್ನು ಪರೀಕ್ಷಿಸಿದಾಗ ಅದು ಎಣ್ಣೆಯ ಶಾಖದಲ್ಲಿ ನೂರಕ್ಕೆ 26ರಷ್ಟನ್ನು ಕೆಲಸವಾಗಿ ಪರಿವರ್ತಿಸಿತು. ಅಂದಿನ ಸಾಮಾನ್ಯ ಉಗಿಯಂತ್ರಕ್ಕೆ ನೂರಕ್ಕೆ ಹತ್ತೇ ದೊಡ್ಡ ಮಾತು. ಆದರೆ ಅಷ್ಟು ಒತ್ತಡ ತಾಳಲು ದಪ್ಪ ಎರಕ ಬೇಕು, ಹೆಚ್ಚು ತೂಕ ಬೇಕು, ಹೆಚ್ಚು ಹಣ ಬೇಕು. ಉಳಿತಾಯ ಒಂದು ಕಡೆ, ಖರ್ಚು ಇನ್ನೊಂದು ಕಡೆ. ಡೀಸೆಲಿನ ಮುಂದಿನ ಚರಿತ್ರೆಯೆಲ್ಲ ಈ ತಕ್ಕಡಿಯ ಏರಿಳಿತವೇ.

1925ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಗಾಡಿಗೆ ಹಿಂದೆ ತೆರೆದ ಪೆಟ್ಟಿಗೆ ಕೂರಿಸಿ, 281 ಡಾಲರಿಗೆ ಪಿಕಪ್ ಎಂದು ಮಾರಿತು. ಇಪ್ಪತ್ತು ಅಶ್ವಶಕ್ತಿಯ ಆ ಗಾಡಿ ಪೆಟ್ರೋಲಿನದು. ಅಗ್ಗದ ಪೆಟ್ರೋಲು ಹೇರಳವಾಗಿದ್ದ ನಾಡಿನಲ್ಲಿ ಭಾರವಾದ ಡೀಸೆಲನ್ನು ಸಣ್ಣ ಗಾಡಿಗೆ ಕೂರಿಸುವ ಯೋಚನೆ ಯಾರಿಗೆ ಬಂದೀತು? ಬಂದದ್ದು ಇಂಡಿಯಾನಾ ರಾಜ್ಯದ ಕೊಲಂಬಸ್ ಎಂಬ ಪಟ್ಟಣದ ಕ್ಲೆಸಿ ಕಮಿನ್ಸನಿಗೆ. ಒಬ್ಬ ಬ್ಯಾಂಕರನ ಕಾರು ಓಡಿಸುತ್ತಿದ್ದ ಈತ, ಆ ಧಣಿಯ ಹಣದ ನೆರವಿನಿಂದಲೇ 1919ರಲ್ಲಿ ಎಂಜಿನು ಕಂಪನಿ ಕಟ್ಟಿದ. ಹತ್ತು ವರ್ಷ ನಷ್ಟ ಅನುಭವಿಸಿದ ಮೇಲೆ ಹಳೆಯ ಪ್ಯಾಕಾರ್ಡ್ ಕಾರೊಂದಕ್ಕೆ ಡೀಸೆಲ್ ಎಂಜಿನು ಕೂರಿಸಿ, 1930ರ ಜನವರಿಯಲ್ಲಿ ಇಂಡಿಯಾನಾಪೊಲಿಸಿನಿಂದ ನ್ಯೂಯಾರ್ಕಿಗೆ ಓಡಿಸಿಕೊಂಡು ಹೋದ. ಸುಮಾರು 800 ಮೈಲಿಗೆ ತಗುಲಿದ ಎಣ್ಣೆಯ ವೆಚ್ಚ ಒಂದು ಡಾಲರ್ 38 ಸೆಂಟು. ಮರುವರ್ಷ ಇಂಡಿಯಾನಾಪೊಲಿಸಿನ 500 ಮೈಲಿ ಪಂದ್ಯದಲ್ಲಿ ಅವನ ಡೀಸೆಲ್ ಕಾರು ಗೆಲ್ಲಲಿಲ್ಲ, ಹದಿಮೂರನೆಯದಾಗಿ ಬಂತು. ಆದರೆ ಎಣ್ಣೆಗಾಗಿ ಒಮ್ಮೆಯೂ ನಿಲ್ಲದೆ ಪೂರ್ತಿ ಓಡಿತು. ಓಟಕ್ಕಿಂತ ಬಾಳಿಕೆಯಲ್ಲಿ ಡೀಸೆಲಿನ ಬಲವಿದೆಯೆಂಬುದು ಅಂದೇ ಗೊತ್ತಾಯಿತು. ಈ ಕಂಪನಿಯ ಹೆಸರು ನಮಗೂ ಅಪರಿಚಿತವಲ್ಲ. 1962ರಲ್ಲಿ ಪುಣೆಯ ಕಿರ್ಲೋಸ್ಕರ್ ಸಂಸ್ಥೆ ಇದರೊಡನೆ ಕೂಡಿತು. ಆ ಉದ್ಯಮದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರರು ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು.

ಹೊರೆ ಎಳೆಯುವುದೆಂದರೆ ಏರು ಹತ್ತುವುದಷ್ಟೇ ಎಂದು ತಿಳಿಯಬಾರದು. ಇಳಿಜಾರಿನಲ್ಲಿ ಅದನ್ನು ತಡೆದು ಹಿಡಿಯುವುದೂ ಅಷ್ಟೇ ದೊಡ್ಡ ಕೆಲಸ. ಕಮಿನ್ಸ್ ಇದನ್ನು ಪ್ರಾಣಭಯದಿಂದ ಕಲಿತ. 1931ರಲ್ಲಿ ಡೀಸೆಲ್ ಲಾರಿಯಲ್ಲಿ ನ್ಯೂಯಾರ್ಕಿನಿಂದ ಲಾಸ್ ಏಂಜಲಿಸ್‌ಗೆ ಹೋಗುವಾಗ, ಕ್ಯಾಲಿಫೋರ್ನಿಯದ ಕಾಹೋನ್ ಕಣಿವೆಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದಾಯಿತು. ಕೆಳಗೆ ರಸ್ತೆಗೆ ಅಡ್ಡಲಾಗಿ ಗೂಡ್ಸ್ ರೈಲು ಹೋಗುತ್ತಿತ್ತು. ಅದರ ಕೊನೆಯ ಡಬ್ಬಿ ದಾಟಿಹೋಯಿತು, ಲಾರಿ ಹಳಿ ದಾಟಿತು, ಜೀವ ಉಳಿಯಿತು. ಪೆಟ್ರೋಲು ಎಂಜಿನಿಗೆ ಗಾಳಿಯ ದಾರಿ ಮುಚ್ಚುವ ಕದವೊಂದಿದೆ. ಕಾಲು ತೆಗೆದರೆ ಎಂಜಿನು ಗಾಳಿಗಾಗಿ ತಿಣುಕಿ ಗಾಡಿಯನ್ನು ತಡೆಯುತ್ತದೆ. ಡೀಸೆಲಿಗೆ ಆ ಕದವಿರಲಿಲ್ಲ. ಒತ್ತಿದ ಗಾಳಿಯನ್ನು ಕೆಲಸ ಮಾಡಗೊಡದೆ ಹೊರಗೆ ಬಿಟ್ಟು ಎಂಜಿನನ್ನೇ ಬ್ರೇಕಾಗಿಸುವ ಉಪಾಯವನ್ನು ಕಮಿನ್ಸ್ ಮುಂದೆ ರೂಪಿಸಿದ. 1961ರಲ್ಲಿ ಜೇಕಬ್ಸ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಇಂದಿನ ಡೀಸೆಲ್ ಪಿಕಪ್ಪುಗಳು ಬೇರೆ ಬಗೆಯ ಎಂಜಿನ್ ಬ್ರೇಕು ಹೊಂದಿವೆ. ಬೆಟ್ಟದ ಸೀಮೆಯವರು ಡೀಸೆಲನ್ನು ಮೆಚ್ಚುವುದಕ್ಕೆ ಇದೂ ಒಂದು ಕಾರಣ.

ಇಷ್ಟಾದರೂ ಪಿಕಪ್ಪಿಗೆ ಡೀಸೆಲ್ ಬರಲು 1973ರ ತೈಲಸಂಕಟವೇ ಬೇಕಾಯಿತು. ಅವಸರದಲ್ಲಿ ಬಂದದ್ದು ಎಡವಿತು. 1978ರಲ್ಲಿ ಜನರಲ್ ಮೋಟರ್ಸ್ ಸಂಸ್ಥೆ ತನ್ನ ಕಾರುಗಳಿಗೂ ಹಗುರ ಪಿಕಪ್ಪುಗಳಿಗೂ 5.7 ಲೀಟರಿನ ಓಲ್ಡ್ಸ್‌ಮೊಬೀಲ್ ಡೀಸೆಲ್ ಎಂಜಿನು ಕೊಟ್ಟಿತು. ಎರಕವನ್ನು ದಪ್ಪ ಮಾಡಿದ್ದರೂ, ಎಂಜಿನಿನ ತಲೆಯನ್ನು ಬಿಗಿದು ಹಿಡಿಯುವ ಬೋಲ್ಟುಗಳ ಏರ್ಪಾಟು ಪೆಟ್ರೋಲು ಎಂಜಿನಿನದೇ ಉಳಿಯಿತು. ಎಣ್ಣೆಯಲ್ಲಿನ ನೀರು ಬೇರ್ಪಡಿಸುವ ಸಾಧನವನ್ನೂ ಇಡಲಿಲ್ಲ. ಬೋಲ್ಟುಗಳು ಸೋತವು, ಎಂಜಿನುಗಳು ಕೆಟ್ಟವು, ಕೊಂಡವರು ನ್ಯಾಯಾಲಯ ಹತ್ತಿದರು. 1985ರಲ್ಲಿ ಅದರ ಕಥೆ ಮುಗಿಯಿತು.

ಡೀಸೆಲಿನ ಮಾನ ಉಳಿಸಿದ್ದು ಹೊಲದ ಯಂತ್ರಗಳಿಗೂ ಒದಗುತ್ತಿದ್ದ ಒಂದು ಎಂಜಿನು. 1989ರ ಡಾಡ್ಜ್ ಪಿಕಪ್ಪಿಗೆ ಕಮಿನ್ಸ್ ಕಂಪನಿಯ 5.9 ಲೀಟರಿನ, ಆರು ಸಿಲಿಂಡರಿನ ಎಂಜಿನು ಬಂತು. ಅಶ್ವಶಕ್ತಿ ಬರಿಯ 160. ಆದರೆ ಚಕ್ರ ತಿರುಗಿಸುವ ಬಲ, ಎಂದರೆ ಟಾರ್ಕು, ಅಮೆರಿಕದ ಅಳತೆಯಲ್ಲಿ 400 ಪೌಂಡ್-ಅಡಿ. ಅದೂ ನಿಮಿಷಕ್ಕೆ 1700 ಸುತ್ತಿನ ಆಸುಪಾಸಿನಲ್ಲಿ. ಕುದುರೆ ಓಡುತ್ತದೆ, ಎತ್ತು ಎಳೆಯುತ್ತದೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕಾಣೆ. ಅದರ ಟರ್ಬೊ ಎಂಬ ಗಾಳಿ ತುಂಬುವ ಸಾಧನದಿಂದಾಗಿ ಎತ್ತರದ ಬೆಟ್ಟದ ತೆಳುಗಾಳಿಯಲ್ಲೂ ಬಲ ಅಷ್ಟಾಗಿ ಕುಂದದು. 1994ರಲ್ಲಿ ಫೋರ್ಡಿನ 7.3 ಲೀಟರ್ ಪವರ್ ಸ್ಟ್ರೋಕ್, 2001ರಲ್ಲಿ ಜನರಲ್ ಮೋಟರ್ಸಿನ ಡ್ಯುರಮ್ಯಾಕ್ಸ್ ಬಂದವು. ಆ ದಿನಗಳಲ್ಲಿ ನಿತ್ಯ ಹೊರೆ ಎಳೆಯುವವನಿಗೆ ಎರಡನೆಯ ಯೋಚನೆಯೇ ಬೇಕಿರಲಿಲ್ಲ.

ಆದರೆ ಆ ಲೆಕ್ಕದಲ್ಲಿ ಬರೆಯದ ಬಾಬೊಂದಿತ್ತು: ಹೊಗೆ. ಅದರ ಬೆಲೆಯನ್ನು ತೆತ್ತವನು ಗಾಡಿಯ ಯಜಮಾನನಲ್ಲ, ದಾರಿಯ ಬದಿಯಲ್ಲಿ ಉಸಿರಾಡುವವನು. 2006ರಿಂದ ಅಮೆರಿಕದ ಹೆದ್ದಾರಿ ಡೀಸೆಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 500 ಪಾಲಿನಿಂದ 15ಕ್ಕೆ ಇಳಿಯಿತು. 2007ರ ಗಾಡಿಗಳಿಗೆ ಮಸಿ ಹಿಡಿಯುವ ಜಾಲರಿ ಬಂತು. 2010ರ ತರುವಾಯ ಯೂರಿಯಾ ದ್ರವ ಸಿಂಪಡಿಸುವ ಏರ್ಪಾಟು ಬಂತು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ಸಾರಿತು. ಆದರೂ ಒಂದು ದಶಕದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳಿಂದ ಈ ಹೊಗೆ ತಡೆಯುವ ಸಾಧನಗಳನ್ನು ಕಿತ್ತುಹಾಕಲಾಗಿದೆಯೆಂದು ಅಲ್ಲಿನ ಸರ್ಕಾರಿ ಪರಿಸರ ಸಂಸ್ಥೆ 2020ರಲ್ಲಿ ಅಂದಾಜು ಮಾಡಿತು. ಪರೀಕ್ಷೆಯನ್ನು ವಂಚಿಸುವ ಸಾಧನಗಳನ್ನು ಇಟ್ಟ ಆರೋಪದ ಮೇಲೆ ಕಮಿನ್ಸ್ ಕಂಪನಿ, ತಪ್ಪನ್ನು ಒಪ್ಪದೆಯೇ, 167.5 ಕೋಟಿ ಡಾಲರ್ ದಂಡ ಕಟ್ಟಲು 2023ರ ಕೊನೆಗೆ ಒಪ್ಪಿತು. ಕ್ಲೆಸಿ ಕಮಿನ್ಸನ ಒಂದು ಡಾಲರ್ 38 ಸೆಂಟಿನ ಪಯಣವನ್ನು ನೆನೆದರೆ ವಿಷಾದವಾಗುತ್ತದೆ.

ಈ ನಡುವೆ ಪೆಟ್ರೋಲೂ ಸುಮ್ಮನೆ ಕೂರಲಿಲ್ಲ. 2020ರ ಫೋರ್ಡ್ ಪಿಕಪ್ಪಿಗೆ ಬಂದ ಹೊಸ ಪೆಟ್ರೋಲು ಎಂಜಿನಿನ ಅಳತೆ, ಹಳೆಯ ಡೀಸೆಲಿನದೇ ಆದ 7.3 ಲೀಟರು, ಟಾರ್ಕು 475. ಎಂದರೆ 1989ರ ಆ ಹೆಸರಾಂತ ಡೀಸೆಲಿಗಿಂತ ಹೆಚ್ಚು! ಆದರೆ ಆ ಬಲ ಮೂಡಬೇಕಾದರೆ ಎಂಜಿನು ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ಸುತ್ತಬೇಕು, ಏರಿನಲ್ಲಿ ಅರಚಬೇಕು.

ಹಾಗಾದರೆ ಕೊಳ್ಳುವವನು ಏನು ಮಾಡಬೇಕು? ಸಣ್ಣದೊಂದು ಲೆಕ್ಕ ಹಾಕೋಣ. ಡೀಸೆಲ್ ಎಂಜಿನಿಗೆ ಇತ್ತೀಚೆಗೆ ಸುಮಾರು ಹತ್ತು ಸಾವಿರ ಡಾಲರ್ ಹೆಚ್ಚು ತೆರಬೇಕು. ಹೊರೆಯೊಡನೆ ಪೆಟ್ರೋಲು ಗಾಡಿ ಗ್ಯಾಲನ್ನಿಗೆ ಎಂಟು ಮೈಲಿ, ಡೀಸೆಲ್ ಗಾಡಿ ಹನ್ನೊಂದು ಮೈಲಿ ಓಡುತ್ತದೆಂದೂ, ಪೆಟ್ರೋಲು ಗ್ಯಾಲನ್ನಿಗೆ 3.20, ಡೀಸೆಲ್ 3.85 ಡಾಲರ್ ಎಂದೂ ಇಟ್ಟುಕೊಳ್ಳೋಣ. ಮೈಲಿಗೆ ಒಂದಕ್ಕೆ 40 ಸೆಂಟು, ಇನ್ನೊಂದಕ್ಕೆ 35. ಉಳಿತಾಯ ಐದು ಸೆಂಟು. ಹತ್ತು ಸಾವಿರ ಡಾಲರ್ ಮರಳಿ ಬರಲು ಎರಡು ಲಕ್ಷ ಮೈಲಿ ಎಳೆಯಬೇಕು! ವರ್ಷಕ್ಕೆ ನಲವತ್ತು ಸಾವಿರ ಮೈಲಿ ಎಳೆಯುವ ವೃತ್ತಿಗಾರನಿಗೆ ಐದು ವರ್ಷ. ನಾಲ್ಕು ಸಾವಿರ ಎಳೆಯುವ ಸಂಸಾರಿಗೆ ಐವತ್ತು ವರ್ಷ. ಮಾರುವಾಗ ಡೀಸೆಲ್ ಗಾಡಿಗೆ ಬೆಲೆ ಹೆಚ್ಚು ಬರುವುದುಂಟು, ಜಾಲರಿಯ ರಿಪೇರಿಗೆ ಅದು ಹೋಗುವುದೂ ಉಂಟು.

ಆದ್ದರಿಂದ ವಾರವಿಡೀ ಭಾರದ ಹೊರೆಯೊಡನೆ ಬೆಟ್ಟ ಹತ್ತಿಳಿಯುವವನು ಡೀಸೆಲ್ ಕೊಳ್ಳಲಿ. ಅವನಿಗೆ ಅದು ಅನ್ನದ ಸಾಧನ, ಇಳಿಜಾರಿನಲ್ಲಿ ಜೀವದ ಆಸರೆ. ಜಾಲರಿಯನ್ನು ಮಾತ್ರ ಕೀಳದಿರಲಿ. ಬೇಸಗೆಯ ರಜೆಯಲ್ಲಿ ನಾಲ್ಕು ಸಲ ದೋಣಿ ಎಳೆಯುವವನಿಗೆ ಪೆಟ್ರೋಲೇ ಸಾಕು. ಹೊರೆಯಿಲ್ಲದೆ ಊರೊಳಗೆ ಗಿಡ್ಡ ಓಡಾಟ ಮಾಡುವ ಡೀಸೆಲಿನ ಜಾಲರಿ ಸರಿಯಾಗಿ ಕಾಯದು, ಮಸಿ ಸುಡದೆ ಕಟ್ಟಿಕೊಳ್ಳುತ್ತದೆ. ಅಂಥವನು ಉಳಿದ ಹತ್ತು ಸಾವಿರ ಡಾಲರಿನಲ್ಲಿ ಎಷ್ಟೋ ವರ್ಷ ಎಣ್ಣೆ ಹಾಕಿಸಬಹುದು.