ಕಣದಲ್ಲೊಂದು ಮದುವೆ

ಇಂಗ್ಲೆಂಡಿನ ಹಳ್ಳಿಗಾಡಿನ ಮದುವೆ ಫೋಟೋಗಳನ್ನು ಇನ್‌ಸ್ಟಾಗ್ರಾಮಲ್ಲಿ ನೀವೂ ನೋಡಿರ್ತೀರಿ. ಹಳೇ ಮರದ ತೊಲೆಗಳು, ಆ ತೊಲೆಯಿಂದ ಈ ತೊಲೆಗೆ ಕಟ್ಟಿದ ಬಣ್ಣದ ಬಟ್ಟೆಯ ಪರಪರೆ, ಜಾಮ್ ಬಾಟಲಿಯಲ್ಲಿ ಕಾಡುಹೂವು, ಕೂರೋಕೆ ಒಣಹುಲ್ಲಿನ ಪೆಂಡಿ. ಇದಕ್ಕೆ ಬಾರ್ನ್ ವೆಡ್ಡಿಂಗ್ ಅಂತ ಹೆಸರು.

ನನ್ನ ಚಿಕ್ಕಮ್ಮನ ಮಗಳು ಅಲ್ಲೇ ಕೆಲಸದಲ್ಲಿದ್ದಾಳೆ. ಕಳೆದ ವರ್ಷ ತನ್ನ ಮದುವೆಯ ಪ್ಲಾನನ್ನು ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಿದಳು. 40 ಜನ, ಒಂದು ಬಾರ್ನ್, ಯಾರು ಯಾವ ಬಣ್ಣ ಬೇಕಾದ್ರೂ ಉಟ್ಟುಕೊಂಡು ಬರಬಹುದು, ಊಟಕ್ಕೆ ಪಿಜ್ಜಾ ಗಾಡಿ ಮತ್ತು ಬಿಸಿಬೇಳೆಬಾತ್, ಗಡಿಬಿಡಿ ಏನೂ ಇಲ್ಲ. ಚಿಕ್ಕಮ್ಮ ಬಾರ್ನ್ ಅಂದ್ರೇನು ಅಂತ ಮೊಬೈಲಲ್ಲಿ ನೋಡಿ ನನಗೆ ಫೋನ್ ಮಾಡಿದ್ರು. “ಏನೋ ಇದು, ಕೊಟ್ಟಿಗೆಯಲ್ಲಿ ಮದುವೆಯಂತೆ? ನಾಲ್ಕು ಜನಕ್ಕೆ ಏನಂತ ಹೇಳೋದು?”

ಅವರಿಗೆ ಉತ್ತರ ಹೇಳಬೇಕು ಅಂತ ಓದೋಕೆ ಕೂತೆ. ಓದ್ತಾ ಹೋದ ಹಾಗೆ, ಇದು ಬರೀ ಫ್ಯಾಶನ್ನಿನ ಕಥೆಯಲ್ಲ ಅನ್ನಿಸಿತು. ಸಣ್ಣದು, ಬಣ್ಣದ್ದು, ಆರಾಮದ್ದು, ಬಾರ್ನಿನದ್ದು. ಈ ನಾಲ್ಕು ಮಾತಿನ ಹಿಂದೆಯೂ ಒಂದೊಂದು ಚರಿತ್ರೆ ಇದೆ. ನಾಲ್ಕೂ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಇಬ್ಬರು ಗಂಡ-ಹೆಂಡತಿ ಆದರು ಅಂತ ತೀರ್ಮಾನ ಮಾಡೋರು ಯಾರು?

ಮೊದಲು ಬಾರ್ನ್. ಅದು ಕೊಟ್ಟಿಗೆ ಅಲ್ಲ. ಸರಿಯಾಗಿ ಹೇಳೋದಾದ್ರೆ, ಮಾಡು ಹಾಕಿದ ಕಣ. ನಮ್ಮಲ್ಲಿ ಸುಗ್ಗಿ ಹೊತ್ತಿಗೆ ಮಳೆ ನಿಂತಿರುತ್ತೆ, ಬಯಲಲ್ಲೇ ಕಣ ಮಾಡಬಹುದು. ಇಂಗ್ಲೆಂಡಿನ ಮಳೆಗೆ ಅದು ಆಗದ ಮಾತು. ಹಾಗಾಗಿ ಕುಯ್ದ ಪೈರನ್ನು ಒಳಗೆ ಒಟ್ಟಿ, ಚಳಿಗಾಲವಿಡೀ ಅಲ್ಲೇ ಬಡಿಯುತ್ತಿದ್ದರು. ಹಳೇ ಬಾರ್ನ್‌ಗಳಲ್ಲಿ ಎದುರುಬದುರು ಎರಡು ದೊಡ್ಡ ಬಾಗಿಲು ಇರೋದಕ್ಕೆ ಕಾರಣ ಇದೇ. ಪೈರು ತುಂಬಿದ ಗಾಡಿ ಒಳಗೆ ಬರಬೇಕು, ಎರಡೂ ಬಾಗಿಲು ತೆಗೆದರೆ ಗಾಳಿ ಹಾದುಹೋಗಬೇಕು, ಆ ಗಾಳಿಗೆ ಹೊಟ್ಟು ತೂರಬೇಕು. ಎಸೆಕ್ಸ್ ಪ್ರಾಂತ್ಯದ ಕ್ರೆಸಿಂಗ್ ಟೆಂಪಲ್ ಅನ್ನೋ ಜಾಗದಲ್ಲಿ ಟೆಂಪ್ಲರ್ ಯೋಧರು 13ನೇ ಶತಮಾನದಲ್ಲಿ ಕಟ್ಟಿಸಿದ ಎರಡು ಬಾರ್ನ್‌ಗಳು, ಒಂದು ಬಾರ್ಲಿಗೆ ಒಂದು ಗೋಧಿಗೆ, ಇವತ್ತಿಗೂ ನಿಂತಿವೆ. ಗ್ರೇಟ್ ಕಾಕ್ಸ್‌ವೆಲ್‌ನಲ್ಲಿ ಕ್ರೈಸ್ತ ಸನ್ಯಾಸಿಗಳ ಮಠವೊಂದು ಕಟ್ಟಿಸಿದ ಬಾರ್ನ್ ಸುಮಾರು 150 ಅಡಿ ಉದ್ದ. ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಅದನ್ನು ಕೆಥೆಡ್ರಲ್ಲಿಗೆ ಹೋಲಿಸಿದ್ದ.

ಸುಗ್ಗಿ ಮುಗಿದ ಮೇಲೆ ಜಮೀನಿನ ಒಡೆಯ ಆಳುಗಳಿಗೆ ಊಟ ಹಾಕಿಸುತ್ತಿದ್ದುದು, ಕುಣಿತ ಆಗುತ್ತಿದ್ದುದು ಎಷ್ಟೋ ಕಡೆ ಇಲ್ಲೇ. ಹಾಗಾಗಿ ಬಾರ್ನಿಗೆ ಸಂಭ್ರಮ ಹೊಸದಲ್ಲ. ನಮ್ಮಲ್ಲೂ ಕಣ ಅಂದ್ರೆ ಚಪ್ಪಲಿ ಬಿಟ್ಟು ಕಾಲಿಡೋ ಜಾಗ, ರಾಶಿಪೂಜೆ ಆಗೋ ಜಾಗ. ಚಿಕ್ಕಮ್ಮನಿಗೆ ಇಷ್ಟು ಹೇಳಿದ ಕೂಡಲೇ ಅವರ ದನಿ ಅರ್ಧ ಇಳಿಯಿತು. “ಹಾಗಂದ್ರೆ ಕಣ ಅನ್ನು” ಅಂದ್ರು.

ಆದರೆ ಸುಗ್ಗಿ ಊಟ ಮಾಡಿದ ಅದೇ ಬಾರ್ನಲ್ಲಿ ಮದುವೆ ಆಗೋ ಹಾಗಿರಲಿಲ್ಲ.

1753ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಹಾರ್ಡ್‌ವಿಕ್ ಕಾಯ್ದೆ ಎಂದು ಹೆಸರಾದ ಮದುವೆ ಕಾಯ್ದೆಯನ್ನು ಮಾಡಿತು. ಅದಕ್ಕೂ ಮುಂಚೆ ಲಂಡನ್ನಿನ ಫ್ಲೀಟ್ ಜೈಲಿನ ಸುತ್ತಮುತ್ತ ದುಡ್ಡು ಕೊಟ್ಟರೆ ಗುಟ್ಟಾಗಿ ಮದುವೆ ಮಾಡಿಸೋ ಪಾದ್ರಿಗಳು ಬೇಕಾದಷ್ಟು ಜನ ಇದ್ದರು. ಆಸ್ತಿವಂತರ ಮಕ್ಕಳು ಹೇಳದೆ ಕೇಳದೆ ಮದುವೆಯಾಗಿ ಬಿಡ್ತಾರೆ ಅನ್ನೋ ಭಯ ಮನೆಮಂದಿಗೆ. ಹೊಸ ಕಾಯ್ದೆ ಇದಕ್ಕೆ ಬೀಗ ಹಾಕಿತು. ಮದುವೆ ಅಂದ್ರೆ ಆಂಗ್ಲಿಕನ್ ಚರ್ಚಿನಲ್ಲೇ ಆಗಬೇಕು, ಮುಂಚಿತವಾಗಿ ಮೂರು ಭಾನುವಾರ ಸಾರಬೇಕು ಅಥವಾ ಲೈಸೆನ್ಸ್ ತರಬೇಕು. ನಿಯಮ ಮೀರಿ ಮದುವೆ ಮಾಡಿಸಿದ ಪಾದ್ರಿಗೆ 14 ವರ್ಷ ಗಡೀಪಾರು. ಎಲ್ಲಿ ಬೇಕಾದರೂ ಮದುವೆಯಾಗುವ ವಿಶೇಷ ಲೈಸೆನ್ಸನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಕೊಡಬಹುದಿತ್ತು. ಅದು ಯಾರ ಕೈಗೆ ಎಟುಕುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಇಬ್ಬರಿಗೆ ಮಾತ್ರ ವಿನಾಯ್ತಿ: ಯಹೂದಿಗಳಿಗೆ ಮತ್ತು ಕ್ವೇಕರ್ ಪಂಥದವರಿಗೆ. ಕ್ವೇಕರ್ ಮದುವೆಯಲ್ಲಿ ಪಾದ್ರಿ ಇಲ್ಲ. ಎಲ್ಲರೂ ಸುಮ್ಮನೆ ಕೂತಿರುತ್ತಾರೆ, ಹುಡುಗ ಹುಡುಗಿ ಎದ್ದುನಿಂತು ಒಬ್ಬರಿಗೊಬ್ಬರು ಮಾತು ಕೊಡುತ್ತಾರೆ, ಆಮೇಲೆ ಅಲ್ಲಿದ್ದ ಪ್ರತಿಯೊಬ್ಬರೂ ಮದುವೆ ಪತ್ರಕ್ಕೆ ಸಹಿ ಹಾಕುತ್ತಾರೆ. ಆ ಪಂಥದ ಸ್ಥಾಪಕ ಜಾರ್ಜ್ ಫಾಕ್ಸ್ 1669ರಲ್ಲಿ ಮಾರ್ಗರೆಟ್ ಫೆಲ್‌ಳನ್ನು ಹೀಗೇ ಮದುವೆಯಾಗಿದ್ದ. ಮಿಕ್ಕ ಕ್ಯಾಥೊಲಿಕರು, ಬ್ಯಾಪ್ಟಿಸ್ಟರು, ಯಾವ ದೇವರನ್ನೂ ನಂಬದವರು, ಎಲ್ಲರೂ ತಮ್ಮದಲ್ಲದ ಚರ್ಚಿಗೇ ಹೋಗಿ ತಲೆ ಬಾಗಿಸಬೇಕಿತ್ತು. ಓಡಿಹೋಗೋರಿಗೆ ಸ್ಕಾಟ್ಲೆಂಡ್ ಇತ್ತು. ಅಲ್ಲಿಗೆ ಈ ಕಾಯ್ದೆ ಅನ್ವಯಿಸುತ್ತಿರಲಿಲ್ಲ, ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಕೊಂಡರೆ ಸಾಕು. ಗಡಿ ದಾಟಿದ ಕೂಡಲೇ ಸಿಗುವ ಗ್ರೆಟ್ನಾ ಗ್ರೀನ್ ಹಳ್ಳಿಯ ಕಮ್ಮಾರಸಾಲೆ ಪ್ರಸಿದ್ಧವಾಗಿದ್ದು ಹೀಗೆ.

ಬಾಗಿಲು ಸ್ವಲ್ಪ ತೆಗೆದದ್ದು 1836ರ ಕಾಯ್ದೆ. 1837ರ ಜುಲೈ 1ರಿಂದ ಸರ್ಕಾರಿ ರಿಜಿಸ್ಟ್ರಾರ್ ಮುಂದೆ, ಯಾವ ಧರ್ಮದ ಹಂಗೂ ಇಲ್ಲದೆ ಮದುವೆಯಾಗಬಹುದಾಯಿತು. ಬೇರೆ ಪಂಥದವರ ಪ್ರಾರ್ಥನಾ ಮಂದಿರಗಳಿಗೂ ನೋಂದಣಿ ಸಿಕ್ಕಿತು. ಆದರೆ ಕಾನೂನು ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಚಿವುಟಿತು. ರಿಜಿಸ್ಟ್ರಾರ್ ಹತ್ರ ಹೋಗೋರ ನೋಟಿಸನ್ನು ಬಡವರ ಪರಿಹಾರ ನೋಡಿಕೊಳ್ಳುವ ಮಂಡಳಿಯ ಸಭೆಯಲ್ಲಿ ಗಟ್ಟಿಯಾಗಿ ಓದಬೇಕಿತ್ತು! ಅಂದ್ರೆ ವರ್ಕ್‌ಹೌಸ್ ನಡೆಸುವ ಮಂಡಳಿ. ಚರ್ಚು ಬೇಡ ಅಂದವರಿಗೆ ಊರ ಮುಂದೆ ಒಂದು ಸಣ್ಣ ಅವಮಾನ. ಅದನ್ನು ತೆಗೆಯೋಕೆ 1856 ಬರಬೇಕಾಯಿತು.

ಇನ್ನು ಬಣ್ಣ. ಇಂಗ್ಲಿಷ್ ಮದುಮಗಳು ಅಂದ್ರೆ ಬಿಳಿ ಗೌನು ಅಂತ ನಾವು ಅಂದುಕೊಂಡಿದ್ದೀವಿ. ಅದು ಜನಪ್ರಿಯವಾದದ್ದು 1840ರಲ್ಲಿ ವಿಕ್ಟೋರಿಯಾ ರಾಣಿ ಬಿಳಿ ಉಟ್ಟು ಮದುವೆಯಾದ ಮೇಲೆ. ಅದಕ್ಕೂ ಮುಂಚೆ, ಬಡವರಲ್ಲಿ ಅದಾದ ಮೇಲೂ ಎಷ್ಟೋ ಕಾಲ, ಮದುಮಗಳು ತನ್ನ ಹತ್ತಿರ ಇದ್ದದ್ದರಲ್ಲೇ ಒಳ್ಳೇ ಬಟ್ಟೆ ಹಾಕ್ಕೋತಿದ್ದಳು, ಅದು ಯಾವ ಬಣ್ಣವೇ ಇರಲಿ. ಆಮೇಲೂ ಅದನ್ನೇ ಹಬ್ಬಕ್ಕೆ ಉಡಬೇಕಲ್ಲ! ಸಣ್ಣ ಮದುವೆಯೂ ಹಾಗೇ. ದುಡಿಯುವ ಜನಕ್ಕೆ ಒಂದು ಬೆಳಿಗ್ಗೆ, ಸಾಕ್ಷಿಗಳು, ಹತ್ತಿರದ ನಾಲ್ಕಾರು ಮಂದಿ, ಅಷ್ಟೇ. ನಮ್ಮ ಹುಡುಗಿಯ “ಡಿಫರೆಂಟ್” ಮದುವೆ ಒಂದು ಲೆಕ್ಕದಲ್ಲಿ ಬಹಳ ಹಳೇ ಮದುವೆ.

ಆರಾಮ ಅನ್ನೋದು ಮಾತ್ರ ನಿಜಕ್ಕೂ ಹೊಸದು, ಯಾಕಂದ್ರೆ ಗಡಿಯಾರವೂ ಕಾನೂನಿನ ಕೈಯಲ್ಲೇ ಇತ್ತು. 1604ರ ಚರ್ಚ್ ನಿಯಮದ ಪ್ರಕಾರ ಮದುವೆ ಬೆಳಿಗ್ಗೆ 8ರಿಂದ 12ರ ಒಳಗೆ ಮುಗಿಯಬೇಕು. 1886ರಲ್ಲಿ ಅದು ಮಧ್ಯಾಹ್ನ 3 ಗಂಟೆಯಾಯಿತು, 1934ರಲ್ಲಿ ಸಂಜೆ 6. ಆ ಗಡುವೇ ಹೋಗಿದ್ದು 2012ರಲ್ಲಿ! ನಮ್ಮ ಹತ್ತೂ ಇಪ್ಪತ್ತರ ಮುಹೂರ್ತ ನೋಡಿ ನಗೋರು ಇದನ್ನೂ ಒಮ್ಮೆ ನೋಡಬೇಕು.

ಹಾಗಾದ್ರೆ ಬಾರ್ನಿಗೆ ಮದುವೆ ಬಂದಿದ್ದು ಯಾವಾಗ? ಮೊದಲು ಬಾರ್ನ್ ಖಾಲಿಯಾಗಬೇಕಿತ್ತು. 18ನೇ ಶತಮಾನದ ಕೊನೆಗೆ ಕಾಳು ಬಡಿಯುವ ಯಂತ್ರ ಬಂತು. ಚಳಿಗಾಲದ ಕೂಲಿ ಕಳಕೊಂಡ ಆಳುಗಳು 1830ರಲ್ಲಿ ದಂಗೆ ಎದ್ದು ಆ ಯಂತ್ರಗಳನ್ನು ಒಡೆದುಹಾಕಿದರು. ಆದರೂ ಯಂತ್ರವೇ ಉಳಿಯಿತು. 20ನೇ ಶತಮಾನದಲ್ಲಿ ಕುಯ್ದು ಅಲ್ಲೇ ಕಾಳು ಬಿಡಿಸುವ ಕಂಬೈನ್ ಹಾರ್ವೆಸ್ಟರ್ ಬಂದ ಮೇಲೆ ಹಳೇ ಬಾರ್ನಿನ ಕೆಲಸವೇ ಮುಗಿಯಿತು. ಪಾರಂಪರಿಕ ಕಟ್ಟಡ ಅಂತ ಪಟ್ಟಿಗೆ ಸೇರಿದ್ದರೆ ಕೆಡವೋ ಹಾಗಿಲ್ಲ, ರಿಪೇರಿಗೆ ದುಡ್ಡಿಲ್ಲ. ರೈತರ ಕೈಯಲ್ಲಿ ಬಿಳಿಯಾನೆ.

ಆಗ ಬಂದದ್ದು 1994ರ ಮದುವೆ ಕಾಯ್ದೆ. ಗೈಲ್ಸ್ ಬ್ರ್ಯಾಂಡ್ರೆತ್ ಎಂಬ ಸಂಸದರು ತಂದ ಖಾಸಗಿ ಮಸೂದೆ ಅದು. 1995ರ ಏಪ್ರಿಲ್‌ನಿಂದ ಸ್ಥಳೀಯ ಸಂಸ್ಥೆಗಳು ಹೋಟೆಲು, ಅರಮನೆ, ಬಾರ್ನ್, ಯಾವುದಕ್ಕೆ ಬೇಕಾದರೂ ಮದುವೆ ಸ್ಥಳ ಅಂತ ಮಂಜೂರಾತಿ ಕೊಡಬಹುದಾಯಿತು. ಹೋಗದ ಷರತ್ತುಗಳೂ ಇದ್ದವು. ಕಟ್ಟಡ ಕಾಯಂ ಆಗಿರಬೇಕು, ಶಾಸ್ತ್ರದಲ್ಲಿ ಧರ್ಮದ ಮಾತು ಬರಕೂಡದು, ಸಾರ್ವಜನಿಕರು ಯಾರು ಬಂದರೂ ತಡೆಯುವಂತಿಲ್ಲ. ಮರದ ಕೆಳಗೆ, ಬಯಲಲ್ಲಿ ಮದುವೆಯಾಗೋಕೆ 2021ರ ಜುಲೈವರೆಗೆ ಕಾಯಬೇಕಾಯಿತು, ಅದೂ ಕೊರೊನಾ ಕೃಪೆಯಿಂದ, ಅದೂ ಮಂಜೂರಾದ ಜಾಗದ ಆವರಣದಲ್ಲೇ. ಕಟ್ಟಡವನ್ನು ನೋಡೋದು ಬಿಡಿ, ಮದುವೆ ನಡೆಸಿಕೊಡುವ ವ್ಯಕ್ತಿಯನ್ನು ನೋಡಿ ಅಂತ ಅಲ್ಲಿನ ಕಾನೂನು ಆಯೋಗ 2022ರಲ್ಲಿ ಶಿಫಾರಸು ಮಾಡಿತು.

ಜಾಗದ ವಿಷಯದಲ್ಲಿ ಅವರು ಇಷ್ಟು ತಿಣುಕಾಡುತ್ತಿದ್ದಾಗ ನಮ್ಮ ಕಾನೂನು ಬಹಳ ಹಿಂದೆಯೇ ಉದಾರವಾಗಿತ್ತು. ಧರ್ಮದ ವಿಧಿ ಇಲ್ಲದ ಮದುವೆಗೆ ನಮ್ಮಲ್ಲಿ ಮೊದಲ ಕಾಯ್ದೆ ಬಂದದ್ದು 1872ರಲ್ಲಿ, ಬ್ರಹ್ಮಸಮಾಜದ ಕೇಶವಚಂದ್ರ ಸೇನರ ಒತ್ತಾಯದಿಂದ. ಅದರಡಿ ಮದುವೆಯಾಗೋರು ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ ಅಂತೆಲ್ಲ ಬರೆದುಕೊಡಬೇಕಿತ್ತು. 1954ರ ವಿಶೇಷ ವಿವಾಹ ಕಾಯ್ದೆ ಅದನ್ನು ತೆಗೆದುಹಾಕಿತು. ಅದರ 12ನೇ ಸೆಕ್ಷನ್ ಓದಿ. ಮದುವೆ ಅಧಿಕಾರಿಯ ಕಚೇರಿಯಲ್ಲಿ ಅಥವಾ ಅಲ್ಲಿಂದ ಹೆಚ್ಚು ದೂರವಲ್ಲದ, ನಿಮಗಿಷ್ಟವಾದ ಜಾಗದಲ್ಲಿ, ಹೆಚ್ಚುವರಿ ಶುಲ್ಕ ಕಟ್ಟಿ ಮದುವೆಯಾಗಬಹುದು. ನಿಮಗಿಷ್ಟವಾದ ರೀತಿಯಲ್ಲಿ. ತೋಟದ ಮನೆ, ಅಜ್ಜನ ಅಂಗಳ, ಕಣ, ಯಾವುದಾದರೂ ಸರಿ.

ಹೀಗೆ ತೋಟದಲ್ಲಿ ಮದುವೆ ಅನ್ನೋದು ಕನ್ನಡಕ್ಕೆ ಹೊಸದೂ ಅಲ್ಲ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ಮೂಡಿಗೆರೆ ಕಡೆಯ ಅವರ ಚಿತ್ರಕೂಟ ತೋಟದಲ್ಲಿ, ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಯಿತು. ಪುರೋಹಿತರಿಲ್ಲ, ಆಡಂಬರ ಇಲ್ಲ, ಗಂಡು ಹೆಣ್ಣು ಪ್ರತಿಜ್ಞೆ ಓದಿ ಒಪ್ಪಿಕೊಳ್ಳೋದು. ಇಂದಿಗೂ ಕರ್ನಾಟಕದಲ್ಲಿ ಹಾಗೆ ಮದುವೆಯಾಗುವವರಿದ್ದಾರೆ.

ಹಾಗಂತ ನಾವು ಬೀಗುವ ಹಾಗಿಲ್ಲ. ಜಾಗ ಬಿಟ್ಟುಕೊಟ್ಟ ನಮ್ಮ ಕಾಯ್ದೆ ನೋಟಿಸನ್ನು ಬಿಟ್ಟುಕೊಡಲಿಲ್ಲ. ವಿಶೇಷ ವಿವಾಹಕ್ಕೆ ಅರ್ಜಿ ಹಾಕಿದರೆ ಅದನ್ನು ಕಚೇರಿಯಲ್ಲಿ ಎದ್ದು ಕಾಣುವ ಕಡೆ ಅಂಟಿಸಬೇಕು, 30 ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಇಂಗ್ಲೆಂಡಲ್ಲೂ 28 ದಿನದ ನೋಟಿಸ್ ಇದೆ. ಆದರೆ ಗೋಡೆಗೆ ಅಂಟಿಸಿದ ಒಂದು ಕಾಗದ ಎಲ್ಲ ಊರಲ್ಲೂ ಒಂದೇ ಥರ ಓದಿಸಿಕೊಳ್ಳೋದಿಲ್ಲ. ನಮ್ಮ ಆಫೀಸಿನ ಇಬ್ಬರು, ಬೇರೆ ಬೇರೆ ಧರ್ಮದವರು, ಆ 30 ದಿನ ಹೇಗೆ ಕಳೆದರು ಅಂತ ನಾನು ಪಕ್ಕದ ಡೆಸ್ಕಿನಿಂದ ನೋಡಿದ್ದೀನಿ. ಗೊತ್ತಿಲ್ಲದ ನಂಬರಿಂದ ಫೋನ್ ಬಂದರೆ ಆಕೆ ಎತ್ತುತ್ತಿರಲಿಲ್ಲ. ಆತ ಮನೆ ವಿಳಾಸ ಬದಲಾಯಿಸಿದ್ದ. 12 ಜನರ ಮದುವೆ ಅವರದ್ದು. ಸಣ್ಣದಾಗಿ ಇರಲಿ ಅಂತ ಅಲ್ಲ, ಅಷ್ಟೇ ಜನಕ್ಕೆ ಹೇಳೋ ಧೈರ್ಯ ಇದ್ದದ್ದು. 1837ರಲ್ಲಿ ವರ್ಕ್‌ಹೌಸ್ ಮಂಡಳಿಯ ಮುಂದೆ ಹೆಸರು ಓದಿಸಿಕೊಂಡ ಜೋಡಿಗಳಿಗೆ ಇದು ಚೆನ್ನಾಗಿ ಅರ್ಥವಾಗುತ್ತಿತ್ತು.

ಪರಪರೆ, ಪೆಂಡಿ, ಪಿಜ್ಜಾ ಗಾಡಿ, ಇವೆಲ್ಲ ದುಡ್ಡಿಗೆ ಸಿಗುತ್ತವೆ. ಆರಾಮ ಸಿಗೋದು, ಯಾರಿಗೂ ಹೆದರದೆ ಬಾಗಿಲು ತೆಗೆದಿಟ್ಟು ಮದುವೆಯಾಗೋಕೆ ಬಿಡೋ ಕಾನೂನು ಮತ್ತು ನೆರೆಹೊರೆ ಎರಡೂ ಇದ್ದಾಗ. ಇಂಗ್ಲೆಂಡಿಗೆ ಅದು 240 ವರ್ಷದ ಕೆಲಸವಾಯಿತು, ಇನ್ನೂ ಮುಗಿದಿಲ್ಲ.

ನೀವೇನಾದರೂ ಈಗ ಮದುವೆ ಪ್ಲಾನ್ ಮಾಡ್ತಿದ್ದರೆ, ಡೆಕೊರೇಟರ್ ಜೊತೆ ಮಾತಾಡೋಕೆ ಮುಂಚೆ ಆ 12ನೇ ಸೆಕ್ಷನ್ ಪೂರ್ತಿ ಓದಿ, ಅರ್ಧ ಪುಟವೂ ಇಲ್ಲ. ಜಾಗ ನಿಮ್ಮಿಷ್ಟ, ರೀತಿ ನಿಮ್ಮಿಷ್ಟ ಅಂದ ಮೇಲೆ ಅದು ಒಂದೇ ಒಂದನ್ನು ಕೇಳುತ್ತೆ. ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಮುಂದೆ ಇಬ್ಬರೂ ಒಬ್ಬರಿಗೊಬ್ಬರು, ಒಪ್ಪಿದ್ದೀನಿ ಅಂತ ಬಾಯಿಬಿಟ್ಟು ಹೇಳಬೇಕು. ಯಾವ ಭಾಷೆಯಲ್ಲಿ ಬೇಕಾದರೂ ಹೇಳಬಹುದು, ಇಬ್ಬರಿಗೂ ಅರ್ಥವಾದರೆ ಸಾಕು.