ಛತ್ರವೆಂದರೆ ಮದುವೆಯ ಮನೆಯಲ್ಲ

ಟಿ. ದಾಸರಹಳ್ಳಿಯಲ್ಲಿ ಇಂದು ಯಾರಾದರೂ ‘ಛತ್ರ ಸಿಕ್ಕಿತಾ?’ ಎಂದು ಕೇಳಿದರೆ ಮನೆಯಲ್ಲಿ ಮದುವೆ ಗೊತ್ತಾಗಿದೆ ಎಂದೇ ಅರ್ಥ. ದಾರಿಹೋಕರು ಮೂಟೆ ಇಳಿಸಿ, ಗಂಜಿ ಕುಡಿದು ಮಲಗುತ್ತಿದ್ದ ತಾಣಕ್ಕಿದ್ದ ಹೆಸರು ಕಲ್ಯಾಣ ಮಂಟಪಕ್ಕೆ ಅಂಟಿಕೊಂಡಿದೆ. ಅದೇ ಹೊತ್ತಿನಲ್ಲಿ ಹಳೆಯ ಅರಮನೆ, ಬಂಗಲೆಗಳು ದುರಸ್ತಿಯಾಗಿ ‘ಹೆರಿಟೇಜ್ ಹೋಟೆಲ್’ಗಳಾಗುತ್ತಿವೆ, ನಮ್ಮ ಆತಿಥ್ಯದ ಪರಂಪರೆ ಎಂದರೆ ಅವೇ ಎಂಬ ಭಾವನೆ ಬೆಳೆಯುತ್ತಿದೆ. ಈ ಭಾವನೆ ತಪ್ಪು. ಆ ಕಟ್ಟಡಗಳಲ್ಲಿ ಹೆಚ್ಚಿನವು ದಾರಿಹೋಕರು ಬಂದು ತಂಗಲೆಂದು ಕಟ್ಟಿದವೇ ಅಲ್ಲ.

ಮೈಸೂರಿನ ಲಲಿತಮಹಲನ್ನೇ ನೋಡಿ. 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಅಡಿಗಲ್ಲು ಹಾಕಿದ್ದು ವೈಸರಾಯ್ ಮತ್ತು ಐರೋಪ್ಯ ಅತಿಥಿಗಳ ಬಿಡಾರಕ್ಕಾಗಿ. ಅದು ಹೋಟೆಲಾದದ್ದು 1974ರಲ್ಲಿ. ಇಂದು ಗ್ರೀನ್ ಹೋಟೆಲ್ ಆಗಿರುವ ಚಿತ್ತರಂಜನ್ ಅರಮನೆ ರಾಜಕುಮಾರಿಯರ ಮನೆಯಾಗಿತ್ತು, ನಡುವೆ ಪ್ರೀಮಿಯರ್ ಸ್ಟುಡಿಯೊದ ಕೈಯಲ್ಲಿತ್ತು. ಬೆಂಗಳೂರಿನ ಮಲ್ಲೇಶ್ವರದಲ್ಲಿ ನೀಮ್ರಾಣಾ ಸಂಸ್ಥೆ ಹೋಟೆಲಾಗಿ ನಡೆಸಿದ ವಿಲ್ಲಾ ಪೊಟ್ಟಿಪಾಟಿ ಒಂದು ಕುಟುಂಬದ ವಾಸದ ಮನೆ. ದಾರಿಯಲ್ಲಿ ಹೋಗುವವನಿಗೆ ಇಂಥ ಬಾಗಿಲುಗಳು ತೆರೆದಿರಲಿಲ್ಲ. ಅವನಿಗೆಂದು ಇದ್ದದ್ದು ಸಾಲುಮರ, ಅರವಟ್ಟಿಗೆ, ಛತ್ರ.

ತುಮಕೂರು ದಿಕ್ಕಿನ ಜನರ ಮಟ್ಟಿಗೆ ಆ ಛತ್ರಕ್ಕೆ ಒಂದು ಹೆಸರೂ ವಿಳಾಸವೂ ಇದೆ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಓಡತೊಡಗಿತು. ಯಶವಂತಪುರ ದಾಟಿ, ಚಿಕ್ಕಬಾಣಾವರದ ಮೇಲೆ, ದಾಸರಹಳ್ಳಿಗೆ ಅನತಿ ದೂರದಲ್ಲೇ ಹಾದುಹೋಗುವ ಹಳಿ ಅದು. ಗಾಡಿಯ ಪಯಣದಲ್ಲಿ ಊರೂರಿಗೆ ಹಂಚಿಹೋಗುತ್ತಿದ್ದ ತಂಗುವಿಕೆ ರೈಲಿನಿಂದಾಗಿ ಬೆಂಗಳೂರಿನ ಒಂದೇ ನಿಲ್ದಾಣದ ಮುಂದೆ ಬಂದು ನಿಂತಿತು. ಸಂತೆಯ ವ್ಯಾಪಾರಿ, ಕಚೇರಿಗೆ ಅಲೆಯುವ ರೈತ, ಓದಲು ಬಂದ ಹುಡುಗ, ಎಲ್ಲರೂ ಇಳಿಯುತ್ತಿದ್ದುದು ಅಲ್ಲಿಯೇ. 1838ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ಗಳಿಸಿದ ಗುಬ್ಬಿ ತೋಟದಪ್ಪನವರು 1903ರಲ್ಲಿ ಧರ್ಮಛತ್ರ ತೆರೆದದ್ದು ನಿಲ್ದಾಣದ ಎದುರಿಗೇ. ಗುಬ್ಬಿ ತುಮಕೂರಿನಾಚೆಯ ಊರು. ಆ ಕಡೆಯಿಂದ ಬಂದವರು ರಾತ್ರಿ ಎಲ್ಲಿ ಕಳೆಯುತ್ತಾರೆ ಎಂಬುದು ತೋಟದಪ್ಪನವರಿಗೆ ಚೆನ್ನಾಗಿ ಗೊತ್ತಿದ್ದಿರಬೇಕು. ಮಹಾರಾಜರು ಅವರಿಗೆ ಕೊಟ್ಟ ಬಿರುದು ‘ಧರ್ಮಪ್ರವರ್ತ’. ನಗರದ ವಸತಿಯ ಇತಿಹಾಸ ಬರೆಯುವವರಿಗೆ ಯಾವ ಝೂಮರು ದೀಪದ ಹಜಾರಕ್ಕಿಂತಲೂ ಈ ಜಾಗದ ಆಯ್ಕೆಯೇ ಹೆಚ್ಚು ಹೇಳುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು, ಎರಡೂ ಹಗುರವಲ್ಲ. ಛತ್ರಗಳೂ ಎಲ್ಲರವಾಗಿರಲಿಲ್ಲ ಎಂಬುದು ಮೊದಲನೆಯದು. ನಿಜ. ಪಂಕ್ತಿಭೇದ ನಡೆಸಿದ, ಜಾತಿ ಕೇಳಿ ಬಾಗಿಲು ತೆರೆದ ಛತ್ರಗಳು ನಾಡಿನ ತುಂಬ ಇದ್ದವು. ತೋಟದಪ್ಪನವರ ಸಂಸ್ಥೆಯಲ್ಲೂ ಪ್ರವಾಸಿಗಳಿಗೆ ಮತಭೇದವಿರದಿದ್ದರೂ ವಿದ್ಯಾರ್ಥಿನಿಲಯ ವೀರಶೈವ ಲಿಂಗಾಯತ ಮಕ್ಕಳಿಗೆ ಮೀಸಲು. ಹೋಟೆಲಿನ ಗಲ್ಲಾ ಜಾತಿ ಕೇಳುವುದಿಲ್ಲ. ಅದು ದೊಡ್ಡ ಮಾತೇ. ಆದರೆ ಕೇಳದಿರುವುದು ದುಡ್ಡಿದ್ದವನನ್ನು ಮಾತ್ರ. ಛತ್ರದ ದೋಷ ಬಾಗಿಲ ಬಳಿ ಇತ್ತು, ಅದನ್ನು ತಿದ್ದಬಹುದಿತ್ತು; ದುಡ್ಡಿಲ್ಲದವನಿಗೂ ಸೂರು ಬೇಕೆಂಬ ಅದರ ತಳಹದಿಯಲ್ಲಿ ತಪ್ಪಿರಲಿಲ್ಲ. ಹಣ ಬರದಿದ್ದರೆ ಹಳೆಯ ಗಾರೆಗೋಡೆ, ತೇಗದ ತೊಲೆ ಉಳಿಯುವುದಾದರೂ ಹೇಗೆ ಎಂಬುದು ಎರಡನೆಯದು. ಇದನ್ನೂ ಒಪ್ಪಬೇಕು. ಹೋಟೆಲಾಗದಿದ್ದರೆ ಇವುಗಳಲ್ಲಿ ಎಷ್ಟೋ ಕಟ್ಟಡಗಳ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿರುತ್ತಿತ್ತು. ಆದರೆ ಗಳಿಕೆ ಯಾರಿಗೆ ಸೇರಬೇಕು ಎಂಬುದು ಬೇರೆಯೇ ಪ್ರಶ್ನೆ. ಗ್ರೀನ್ ಹೋಟೆಲ್ ತನ್ನ ಲಾಭವನ್ನು ಸೇವಾಕಾರ್ಯಕ್ಕೂ ಪರಿಸರದ ಕೆಲಸಕ್ಕೂ ಕೊಡುತ್ತದೆ. ಅರಮನೆಯ ಕೋಣೆ ಬಾಡಿಗೆಗೆ ಕೊಟ್ಟೇ ಛತ್ರದ ಧರ್ಮವನ್ನು ಒಂದಿಷ್ಟು ನಡೆಸಬಹುದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇದು ಹಳೆಯ ಕಾಲದ ಹಂಬಲವೆಂದು ತಳ್ಳಿಹಾಕುವಂತಿಲ್ಲ, ದಾಸರಹಳ್ಳಿಯ ಮಟ್ಟಿಗಂತೂ ಅಲ್ಲ. ಪಕ್ಕದ ಪೀಣ್ಯದ ಕಾರ್ಖಾನೆಗಳಿಗೆ ಕೆಲಸ ಹುಡುಕಿ ಬಂದವರು ಮೊದಲ ವಾರ ಉಳಿಯುವುದು ಪರಿಚಯದವರ ರೂಮಿನ ಮೂಲೆಯಲ್ಲಿ, ಇಲ್ಲವೇ ಮುಂಗಡ ಕೇಳುವ ಪೀಜಿಯಲ್ಲಿ. ಊರಿಗೆ 2015ರಲ್ಲಿ ಮೆಟ್ರೊ ಬಂತು, ರಸ್ತೆಯ ಮೇಲೆ ಮೇಲುರಸ್ತೆ ಎದ್ದಿತು. ಹೀಗೆ ಬಂದಿಳಿದವನು ಮೂರು ರಾತ್ರಿ ಮೂಟೆ ಇಳಿಸಲು ಒಂದು ಜಗಲಿ ಇನ್ನೂ ಆಗಬೇಕಿದೆ.