ರೇವಾ ಎಂಬ ಪುಟ್ಟ ಕಾರು, ಬತ್ತಿಸ್ತಾ ಎಂಬ ಮಹಾವೇಗಿ



ನಮ್ಮ ಗೆಂಡೆಹಳ್ಳಿಯ ಯಾವುದೇ ಬಾವಿಗೆ ಕಲ್ಲೊಂದನ್ನು ಬಿಟ್ಟರೆ ಅದರ ವೇಗವು ಸೆಕೆಂಡು ಸೆಕೆಂಡಿಗೂ 9.8 ಮೀಟರಿನಂತೆ ಹೆಚ್ಚುತ್ತದೆ ಎಂಬ ಪಾಠ ನಿಮಗೆ ನೆನಪಿರಬಹುದು. ಇಟಲಿಯಲ್ಲಿ ತಯಾರಾದ ‘ಬತ್ತಿಸ್ತಾ’ ಎಂಬ ವಿದ್ಯುತ್ ಕಾರು ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗವನ್ನು ಮುಟ್ಟಲು 1.86 ಸೆಕೆಂಡು ಸಾಕು ಎಂದು ತಯಾರಕರು ಪ್ರಕಟಿಸಿದ್ದಾರೆ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ ಸುಮಾರು 15 ಮೀಟರಿನ ಏರಿಕೆ. ಬಾವಿಗೆ ಬೀಳುವ ಕಲ್ಲಿಗಿಂತ ಒಂದೂವರೆ ಪಟ್ಟು ಬಿರುಸು, ಅದೂ ಸಮತಟ್ಟಾದ ರಸ್ತೆಯಲ್ಲಿ! ಇಂತಹ ವಾಹನಗಳನ್ನು ಹೈಪರ್‌ಕಾರ್ ಎಂದು ಕರೆಯುತ್ತಾರೆ.

2019ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಲೋಕಕ್ಕೆ ಕಾಣಿಸಿಕೊಂಡ ಈ ಕಾರಿನ ಹಿಂದೆ ಇದ್ದುದು ನಮ್ಮ ಮಹೀಂದ್ರಾ ಸಮೂಹ. ಅದಕ್ಕೂ ಒಂಬತ್ತು ವರ್ಷ ಮೊದಲು, 2010ರಲ್ಲಿ, ಅದೇ ಸಮೂಹವು ಬೆಂಗಳೂರಿನ ರೇವಾ ಕಂಪನಿಯ ಬಹುಪಾಲನ್ನು ಕೊಂಡಿತ್ತು. ಹಾಗಾದರೆ ಬತ್ತಿಸ್ತಾ ನಮ್ಮ ರೇವಾದ ವಂಶದ ಕುಡಿಯೇ? ಇದಕ್ಕೆ ಉತ್ತರ ಕೊಡಬೇಕಾದರೆ ರೇವಾದ ಕಥೆಯನ್ನು ಮೊದಲು ಹೇಳಬೇಕು.

ಚೇತನ್ ಮೈನಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ಅಲ್ಲಿಯ ಸೌರಕಾರಿನ ತಂಡದಲ್ಲಿದ್ದರು. ಆ ತಂಡದ ‘ಸನ್‌ರನ್ನರ್’ 1990ರಲ್ಲಿ ಅಮೆರಿಕದ ಸ್ಪರ್ಧೆಯನ್ನು ಗೆದ್ದು, ಆಸ್ಟ್ರೇಲಿಯಾದ ವಿಶ್ವ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆಯಿತು. ಮುಂದೆ ಬೆಂಗಳೂರಿನ ಮೈನಿ ಸಮೂಹವೂ ಅಮೆರಿಕದ ಅಮೆರಿಗಾನ್ ಸಂಸ್ಥೆಯೂ ಕೂಡಿ ವಿದ್ಯುತ್ ಕಾರಿನ ಕೆಲಸಕ್ಕೆ ಕೈಹಾಕಿದವು. 2001ರಲ್ಲಿ ಕಾರು ಮಾರುಕಟ್ಟೆಗೆ ಬಂದಿತು. ಅದಕ್ಕೆ ಇಟ್ಟದ್ದು ಚೇತನರ ತಾಯಿಯವರ ಹೆಸರು. ಪೆಟ್ರೋಲ್ ಬೆಲೆಯನ್ನು ಶಪಿಸುವುದಷ್ಟೇ ನಮಗೆಲ್ಲ ಗೊತ್ತಿದ್ದ ಕಾಲವದು ಎಂಬುದನ್ನು ಮರೆಯಬೇಡಿ.

ರೇವಾದ ಉದ್ದ ಸುಮಾರು 2.6 ಮೀಟರ್, ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂರಬಹುದು. ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ಪ್ಲಾಸ್ಟಿಕ್ಕಿನ ಹೊರಮೈ. ಆಸನಗಳ ಕೆಳಗೆ 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು. ಒಟ್ಟು 48 ವೋಲ್ಟ್, 200 ಆಂಪಿಯರ್-ಗಂಟೆ, ಗುಣಿಸಿದರೆ 9.6 ಕಿಲೋವ್ಯಾಟ್-ಗಂಟೆ, ಅಂದರೆ ನಮ್ಮ ಮನೆಯ ಕರೆಂಟ್ ಬಿಲ್ಲಿನ ಒಂಬತ್ತೂವರೆ ಯೂನಿಟ್ಟು. ಅಷ್ಟರಲ್ಲಿ ಸುಮಾರು 80 ಕಿ.ಮೀ. ಓಡಬಹುದಿತ್ತು. ಮನೆಯ 15 ಆಂಪಿಯರಿನ ಸಾಕೆಟ್ಟೇ ಅದರ ಪೆಟ್ರೋಲ್ ಬಂಕ್. ಬ್ರೇಕ್ ಹಿಡಿದಾಗ ಮೋಟಾರೇ ಡೈನಮೋ ಆಗಿ ಒಂದಿಷ್ಟು ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತಿತ್ತು. ಆದರೆ ಕಾರಿನ ಭಾರದಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಬ್ಯಾಟರಿಯದೇ. ತನ್ನ ಆಹಾರದ ಮೂಟೆಯನ್ನು ಹೊರುವುದರಲ್ಲೇ ಅರ್ಧ ಸುಸ್ತಾಗುವ ಕೂಲಿಯಾಳಿನ ಪಾಡು ಅದರದು.

ತವರಿನಲ್ಲಿ ಅದನ್ನು ಕೊಂಡವರು ಕಡಿಮೆ. ಅದರ ಹಣಕ್ಕೆ ನಾಲ್ವರು ಆರಾಮವಾಗಿ ಕೂರುವ ಪೆಟ್ರೋಲ್ ಕಾರೇ ಸಿಗುವಾಗ ಗೃಹಸ್ಥನಾದವನು ಇನ್ನೇನು ಮಾಡಿಯಾನು? ಕೈಹಿಡಿದದ್ದು ಲಂಡನ್. 2003ರಲ್ಲಿ ಆ ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ದಟ್ಟಣೆ ಸುಂಕ ವಿಧಿಸಿದರು. ವಿದ್ಯುತ್ ಕಾರಿಗೆ ವಿನಾಯಿತಿ. ಅಲ್ಲಿ ‘ಜಿ-ವಿಜ್’ ಎಂಬ ಹೆಸರಿನಿಂದ ಸಾವಿರಕ್ಕೂ ಹೆಚ್ಚು ರೇವಾಗಳು ಓಡಾಡಿದವು. ಗೇಲಿಯೂ ಕಡಿಮೆಯಿರಲಿಲ್ಲ, ಅದರಲ್ಲಿ ಕೆಲವು ಬರಿಯ ದರ್ಪ, ಕೆಲವು ನ್ಯಾಯವಾದದ್ದು. ಯುರೋಪಿನ ಕಾನೂನಿನಂತೆ ಅದು ಕಾರೇ ಆಗಿರದೆ ‘ಕ್ವಾಡ್ರಿಸೈಕಲ್’ ವರ್ಗಕ್ಕೆ ಸೇರಿತ್ತಾದ್ದರಿಂದ ಕಾರುಗಳಿಗಿರುವ ಅಪಘಾತ ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. 2007ರಲ್ಲಿ ಬ್ರಿಟನ್ನಿನ ‘ಟಾಪ್ ಗೇರ್’ ಪತ್ರಿಕೆ ಮಾಡಿಸಿದ ಡಿಕ್ಕಿ ಪರೀಕ್ಷೆಯ ಫಲಿತಾಂಶ ಆತಂಕಕಾರಿಯಾಗಿತ್ತು. ನಮ್ಮೂರಿನ ವಸ್ತುವೆಂಬ ಅಭಿಮಾನಕ್ಕಾಗಿ ಈ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಬಳಿಕ ಬಂದ ಕಾರುಗಳಲ್ಲಿ ಮುಂಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂದವು, ಹಂದರ ಗಟ್ಟಿಯಾಯಿತು. 2009ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯೂ ಬಂದಿತು.

ಈಗ ಬತ್ತಿಸ್ತಾವನ್ನು ಪಕ್ಕದಲ್ಲಿ ನಿಲ್ಲಿಸಿ. ಚಕ್ರಕ್ಕೊಂದರಂತೆ ನಾಲ್ಕು ಮೋಟಾರು, ಒಟ್ಟು 1,900 ಅಶ್ವಶಕ್ತಿ. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಜೋಡಿಸಿದ 120 ಕಿಲೋವ್ಯಾಟ್-ಗಂಟೆಯ ಬ್ಯಾಟರಿ, ಅಂದರೆ ಹನ್ನೆರಡೂವರೆ ರೇವಾಗಳ ಶಕ್ತಿ. ಆದರೆ ಆ ಮೋಟಾರು-ಬ್ಯಾಟರಿಗಳು ಬಂದದ್ದು ಕ್ರೊಯೇಷಿಯಾದ ರಿಮಾಕ್ ಸಂಸ್ಥೆಯಿಂದ. ರೂಪ ಕೊಟ್ಟದ್ದು ಇಟಲಿಯ ಪಿನಿನ್‌ಫರೀನಾ. 2015ರಲ್ಲಿ ಆ ಹಳೆಯ ವಿನ್ಯಾಸ ಸಂಸ್ಥೆಯನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡ ಮಹೀಂದ್ರಾ, 2018ರಲ್ಲಿ ಮ್ಯೂನಿಕ್ಕಿನಲ್ಲಿ ಕಾರು ಕಂಪನಿಯನ್ನು ಸ್ಥಾಪಿಸಿತು. ಆದ್ದರಿಂದ ರೇವಾಕ್ಕೂ ಬತ್ತಿಸ್ತಾಕ್ಕೂ ಇರುವುದು ಯಜಮಾನಿಕೆಯ ನಂಟು, ಯಂತ್ರದ ನಂಟಲ್ಲ.

ಇದರಲ್ಲಿ ಅಗೌರವವೇನೂ ಇಲ್ಲ. ನಮ್ಮ ಬೇಲೂರಿನ ಚೆನ್ನಕೇಶವ ದೇವಾಲಯವನ್ನು 1117ರಲ್ಲಿ ಪ್ರತಿಷ್ಠಾಪಿಸಿದವನು ವಿಷ್ಣುವರ್ಧನ. ಉಳಿ ಹಿಡಿದ ದಾಸೋಜ, ಚಾವಣರು ಬಳ್ಳಿಗಾವೆಯಿಂದ ಬಂದವರು. ಒಡೆಯನ ಹೆಸರೂ ಉಳಿದಿದೆ, ಶಿಲ್ಪದ ಪೀಠದ ಮೇಲೆ ಕೆತ್ತಿದವರ ಹೆಸರೂ ಉಳಿದಿದೆ. ಕಾರುಗಳ ಚರಿತ್ರೆಯಲ್ಲಿ ಮಾತ್ರ ಬೆಂಗಳೂರಿನ ಕೆಲಸಗಾರರ ಹೆಸರನ್ನು ಕೆತ್ತಿದ ಪೀಠ ನನಗೆ ಎಲ್ಲಿಯೂ ಕಾಣಲಿಲ್ಲ.

ರೇವಾದ ನಿಜವಾದ ಮಗು ಇ2ಒ. 2013ರ ಮಾರ್ಚ್‌ನಲ್ಲಿ ಹೊರಬಂದ ಅದನ್ನು ಬೊಮ್ಮಸಂದ್ರದಲ್ಲಿ ತಯಾರಿಸುತ್ತಿದ್ದರು. ಅದೂ ಹೆಚ್ಚು ಕಾಲ ಬಾಳಲಿಲ್ಲ. ಚೇತನ್ ಮೈನಿಯವರು 2017ರಲ್ಲಿ ಸನ್ ಮೊಬಿಲಿಟಿ ಎಂಬ ಸಂಸ್ಥೆಯನ್ನು ಜೊತೆಗಾರರೊಡನೆ ಕಟ್ಟಿದರು. ಬರಿದಾದ ಬ್ಯಾಟರಿಯನ್ನು ಕೊಟ್ಟು ತುಂಬಿದ್ದನ್ನು ಪಡೆಯುವುದು ಅದರ ಪದ್ಧತಿ, ನಾವು ಗ್ಯಾಸ್ ಸಿಲಿಂಡರ್ ಬದಲಾಯಿಸಿಕೊಳ್ಳುವಂತೆ. ಬ್ಯಾಟರಿಯ ಬೆಲೆ ವಾಹನದ ಬೆಲೆಯಿಂದ ಬೇರೆಯಾಗುತ್ತದೆ. ಗಂಟೆಗಟ್ಟಲೆ ಚಾರ್ಜಿಗೆ ಕಾಯುವ ತಾಪತ್ರಯವೂ ತಪ್ಪುತ್ತದೆ. ತವರಿನಲ್ಲಿ ರೇವಾವನ್ನು ಕಾಡಿದ್ದು ಇವೇ ಎರಡು ತೊಡಕುಗಳು.